ಕೆಂಪು ಬಟ್ಟೆ ಕಟ್ಟಿದ ಟ್ಯಾಂಕು

ಸೋಮವಾರ, ಮಧ್ಯಾಹ್ನ

ನನ್ನ ಮುದ್ದಿನ ಅಪ್ಪಾ,

ಗಾಡಿ ಓಡಿತು! ಓಡಿತು, ಎತ್ತಿ ಹಾಕಲಿಲ್ಲ, ಡೀಸೆಲ್ ಒಂದು ತೊಟ್ಟೂ ಸೋರಲಿಲ್ಲ, ಜೇನಮ್ಮ ನಕ್ಕೇಬಿಟ್ಟರು! ಮೊದಲು ನಿಮ್ಮೆಲ್ಲರ ಆರೋಗ್ಯ ಕೇಳಿ ಆಮೇಲೆ ಸುದ್ದಿ ಹೇಳಬೇಕೆಂದು ನನಗೂ ಗೊತ್ತು. ಆದರೆ ಇಷ್ಟು ದೊಡ್ಡ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಕಾಯುವ ತಾಳ್ಮೆ ನಿನ್ನ ಮಗಳಿಗೆ ಯಾವತ್ತಿತ್ತು? ಹುಟ್ಟಿದ ಗಳಿಗೆಯಲ್ಲೇ ಎಂಜಿನ್ನಿನ ಹಾಗೆ ಕಿರುಚಿದೆ ಎಂದು ನೀನೇ ತಾನೇ ನನಗೆ ಸೀಟಿ ಎಂದು ಹೆಸರಿಟ್ಟದ್ದು.

ಪತ್ರ ಮನೆಗೆ ಬರದೆ ನಿನ್ನ ಗೇಟಿನ ಕೋಣೆಗೆ ಯಾಕೆ ಬಂತು ಎಂದು ಹುಬ್ಬೇರಿಸಬೇಡ. ಮನೆಗೆ ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕಿ ಅಕ್ಕಪಕ್ಕದ ಮೂರು ಮನೆಗೆ ಕೇಳಿಸುತ್ತಾಳೆ. ಡ್ಯೂಟಿಯಲ್ಲಿರುವಾಗ ನೀನು ಫೋನ್ ಮುಟ್ಟುವುದಿಲ್ಲ. ಲೆವೆಲ್ ಕ್ರಾಸಿಂಗಿನ ಗೇಟ್‌ಮ್ಯಾನ್ ಜೊತೆ ಗುಟ್ಟು ಹೇಳಿಕೊಳ್ಳಲು ಅಂಚೆಯೊಂದೇ ದಾರಿ. ಕಾಗುಣಿತ ತಪ್ಪಿದ್ದರೆ ನಿನ್ನನ್ನೇ ಬೈದುಕೋ, ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದವನು ನೀನು.

ಇವರು ಎಷ್ಟು ಒಳ್ಳೆಯವರು ಗೊತ್ತಾ ಅಪ್ಪಾ! ಹೋದ ಸಲ ಫೋನಿನಲ್ಲಿ ಇದನ್ನೇ ಹನ್ನೊಂದು ಸಲ ಹೇಳಿದೆ ಎಂದು ಅಮ್ಮ ಲೆಕ್ಕ ಹಾಕಿದಳಂತೆ, ಹಾಕಲಿ. ಮದುವೆಯಾಗಿ ನಾಲ್ಕು ತಿಂಗಳಾಯಿತು, ಇವರು ಒಂದು ದಿನವೂ ನನ್ನ ಮೇಲೆ ದನಿ ಎತ್ತಿಲ್ಲ. ತಮ್ಮ ಗಾಡಿ ರಿಪೇರಿ ಶೆಡ್ಡಿನಿಂದ ಮನೆಯೊಳಗೆ ಬರುವ ಮುಂಚೆ ಸೀಮೆಎಣ್ಣೆಯಲ್ಲಿ ಒಮ್ಮೆ, ಸೋಪಿನಲ್ಲಿ ಎರಡು ಸಲ ಕೈ ತೊಳೆಯುತ್ತಾರೆ. ಆಮೇಲೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿರುತ್ತದೆ. ಆ ಕಪ್ಪೂ ನನಗೆ ಇಷ್ಟ. ನಗಬೇಡ.

ಜೇನಮ್ಮ ಯಾರೆಂದು ಹೇಳಲಿಲ್ಲ ಅಲ್ಲವೇ? ಜೇನುಪೆಟ್ಟಿಗೆ ಇಟ್ಟುಕೊಂಡಿರುವ ಹೆಂಗಸು. ಐವತ್ತು ದಾಟಿದೆ, ದನಿ ಮಾತ್ರ ಲಾರಿ ಹಾರ್ನು. ಎಲ್ಲಿ ಹೂವು ಬಿಟ್ಟಿದೆಯೋ ಅಲ್ಲಿಗೆ ಪೆಟ್ಟಿಗೆಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಹೋಗುವುದು ಅವರ ಕಸುಬು. ಪಿಕಪ್ಪಿನ ಹಿಂಭಾಗದಲ್ಲಿ ಕಮಾನಿನಂತೆ ಜೋಡಿಸಿದ ಸ್ಪ್ರಿಂಗ್ ಪ್ಲೇಟುಗಳಿರುತ್ತವೆ. ಭಾರ ಹೊರಲು ಅವು ಗಟ್ಟಿ, ಆದರೆ ಒಂದೊಂದು ಗುಂಡಿಗೂ ಪೆಟ್ಟಿಗೆಯನ್ನು ಎತ್ತಿ ಕುಕ್ಕುತ್ತವೆ. ಒಳಗೆ ಜೇನಿನ ಎರಿ ಮುರಿದು ಹುಳ ಸಾಯುತ್ತವೆ. "ನನ್ನ ಮಕ್ಳು ತೊಟ್ಟಿಲಲ್ಲಿ ಹೋದ್ಹಾಗೆ ಹೋಗ್ಬೇಕು, ಏನಾದ್ರೂ ಮಾಡಪ್ಪ" ಎಂದು ಇವರ ಮುಂದೆ ಕೂತೇಬಿಟ್ಟರು. ಹಾಗಾಗಿ ಪ್ಲೇಟುಗಳನ್ನು ತೆಗೆದು ಗಾಳಿ ತುಂಬುವ ರಬ್ಬರ್ ಚೀಲ ಕೂರಿಸುವುದೆಂದಾಯಿತು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳಿದ್ದು ನಾನು! ಅವತ್ತಿನಿಂದ ಇವರಿಗೆ ನಾನು ಟೀಚರಮ್ಮ.

ಆ ಚೀಲಗಳಿಗೆ ಎರಡು ಉದ್ದನೆಯ ಕಬ್ಬಿಣದ ತೋಳು ಬೇಕು. ಎಡಗಡೆಯ ತೋಳು ಆಡುವ ಜಾಗದಲ್ಲೇ ಸರಿಯಾಗಿ ಡೀಸೆಲ್ ಟ್ಯಾಂಕು ನೇತಾಡುತ್ತಿತ್ತು. ಟ್ಯಾಂಕನ್ನು ಅಲ್ಲಿಂದ ಎಬ್ಬಿಸಿ, ಹಿಂದಿನ ಚಕ್ರಗಳ ಆಚೆ, ಸ್ಟೆಪ್ನಿ ಇದ್ದ ಜಾಗಕ್ಕೆ ಕಳಿಸಬೇಕು. ಸ್ಟೆಪ್ನಿ ಕ್ಯಾಬಿನ್ನಿನ ಬೆನ್ನಿಗೆ ಬರಬೇಕು. ಟ್ಯಾಂಕು ತಿರುಗಿ ಕೂರುವುದರಿಂದ ಡೀಸೆಲ್ ಹಾಕುವ ಹಳೆಯ ಬಾಯಿಯನ್ನು ತಗಡಿಟ್ಟು ವೆಲ್ಡ್ ಮಾಡಿ ಮುಚ್ಚಬೇಕು, ಇನ್ನೊಂದು ಕಡೆ ಹೊಸ ಬಾಯಿ ತೆರೆಯಬೇಕು. ನಿನ್ನ ಮಗಳು ಹೇಗೆ ಮಾತಾಡುತ್ತಿದ್ದಾಳೆ ನೋಡು!

ಇವತ್ತು ಬೆಳಿಗ್ಗೆ ಜೇನಮ್ಮ ಒಂದು ಖಾಲಿ ಪೆಟ್ಟಿಗೆಯನ್ನು ಗಾಡಿಗೆ ಕಟ್ಟಿ, ಅದರ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟು, ಕಲ್ಲು ಕ್ವಾರಿಯ ರಸ್ತೆಯಲ್ಲಿ ಹೋಗಿ ಬಂದರು. ಇಳಿದು ಲೋಟದೊಳಗೆ ಬಗ್ಗಿ ನೋಡಿದರು. "ಅರ್ಧ ಉಳಿದ್ರೆ ಸಾಕು ಅಂದ್ಕೊಂಡಿದ್ದೆ, ಬರೀ ಎರಡು ಗುಟುಕು ಚೆಲ್ಲಿದೆ ಕಣೋ!" ಎಂದು ಇವರ ಬೆನ್ನಿಗೆ ಗುದ್ದಿದರು. ಎಲ್ಲರೂ ನಕ್ಕೆವು. ಇವರೂ ನಕ್ಕರು. ನಕ್ಕು, ಕೈ ಒರೆಸಿಕೊಳ್ಳುತ್ತಾ, "ಇದೇ ನನ್ನ ಕೊನೇ ಗಾಡಿ, ಜೇನಮ್ಮ. ಒಂದನೇ ತಾರೀಕಿಂದ ಟೈರ್ ಅಂಗಡೀಲಿ ಕೆಲಸಕ್ಕೆ ಸೇರ್ತೀನಿ" ಎಂದರು.

ಅಪ್ಪಾ, ಇಲ್ಲಿಂದ ಮುಂದೆ ನೀನೊಬ್ಬನೇ ಓದು. ರೈಲು ಬರುವ ಹೊತ್ತಾಗಿದ್ದರೆ ಮಡಚಿಟ್ಟು, ಗೇಟು ಹಾಕಿ ತೆಗೆದ ಮೇಲೆ ಕೂತು ಓದು.

ಹೋದ ಸೋಮವಾರದಿಂದ ನನಗೆ ಭಯವಾಗುತ್ತಿದೆ. ಅಡುಗೆಮನೆಯಲ್ಲಿ ಒಲೆ ಹಚ್ಚುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಯಾರಾದರೂ ತಗಡು ಎತ್ತಿ ಹಾಕಿದರೆ ಬಾಗಿಲಿಗೆ ಓಡುತ್ತೇನೆ. ಆ ದಿನ ಏನೂ ಆಗಲಿಲ್ಲ. ಏನೂ ಆಗದ ಆ ದಿನವೇ ನನ್ನ ಕಣ್ಣ ಮುಂದೆ ದಿನಕ್ಕೆ ಹತ್ತು ಸಲ ಆಗುತ್ತಿದೆ.

ಡೀಸೆಲ್ ತುಂಬಿದ್ದ ಟ್ಯಾಂಕನ್ನು ಹಾಗೆಯೇ ವೆಲ್ಡ್ ಮಾಡಲು ಆಗುವುದಿಲ್ಲ. ಖಾಲಿ ಮಾಡಬೇಕು, ಸೋಪಿನ ಬಿಸಿನೀರು ಹಾಕಿ ಅಲುಗಾಡಿಸಿ ಮೂರು ಸಲ ತೊಳೆಯಬೇಕು. ಆಮೇಲೆ ಅದರ ತುಂಬ ನೀರು ತುಂಬಿಸಿ ಇಡಬೇಕು. ಒಳಗೆ ಡೀಸೆಲ್ ಆವಿ ನಿಲ್ಲಲು ಜಾಗವೇ ಇರಬಾರದು, ಕಿಡಿ ತಾಗಿದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಕೊಲ್ಲುವುದಂತೆ. ನೀರು ತುಂಬಿದ್ದಕ್ಕೆ ಗುರುತಾಗಿ ಟ್ಯಾಂಕಿನ ಗಾಳಿ ಕೊಳವೆಗೆ ಕೆಂಪು ಬಟ್ಟೆ ಕಟ್ಟುವುದು ಇವರ ತಂದೆಯ ಕಾಲದಿಂದ ನಮ್ಮ ಶೆಡ್ಡಿನ ಪದ್ಧತಿ. ಕೆಂಪು ಇದ್ದರೆ ಬೆಂಕಿ ಹಚ್ಚಬಹುದು. ನಿನ್ನ ರೈಲಿನಲ್ಲಿ ಕೆಂಪೆಂದರೆ ನಿಲ್ಲು, ಇಲ್ಲಿ ಕೆಂಪೆಂದರೆ ನಡೆ. ಇದೆಲ್ಲ ನನಗೆ ಈಗ ಗೊತ್ತು. ಅವತ್ತು ಗೊತ್ತಿರಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಕೆಂಪು ಬಟ್ಟೆಯ ಮಾತೇ ಇರಲಿಲ್ಲ.

ಅವತ್ತು ಬೆಳಿಗ್ಗೆ ಇವರು ಟ್ಯಾಂಕು ತೊಳೆದರು, ನೀರು ತುಂಬಿಸಿದರು, ಹಳೆಯ ಬಾಯಿಯ ಮೇಲೆ ತಗಡಿಟ್ಟು ಕ್ಲಾಂಪು ಬಿಗಿದರು, ಬಟ್ಟೆ ಕಟ್ಟಿದರು. ಹೊಸ ಬಾಯಿಗೆ ಪೈಪು ತರಲು ಪೇಟೆಗೆ ಹೋದರು. ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ನನಗೆ ಕೈ ಸುಮ್ಮನಿರಲಿಲ್ಲ. ಟ್ಯಾಂಕನ್ನು ತಟ್ಟಿ ನೋಡಿದೆ, ತುಂಬ ನೀರು. ತೊಳೆದ ನೀರನ್ನು ಚೆಲ್ಲಲು ಮರೆತಿದ್ದಾರೆ ಪಾಪ, ಎಂದುಕೊಂಡೆ. ಪಾತ್ರೆ ತೊಳೆದವರು ನೀರು ಬಿಟ್ಟು ಹೋಗುತ್ತಾರೆಯೇ? ಹದಿನೇಳನೇ ನಂಬರಿನ ಸ್ಪ್ಯಾನರ್ ಹುಡುಕಿ ಅಡಿಯ ಬೋಲ್ಟು ಬಿಚ್ಚಿದೆ. ಸರಿಯಾದ ನಂಬರು ಒಂದೇ ಸಲಕ್ಕೆ ಸಿಕ್ಕಿತೆಂದು ಎಷ್ಟು ಹಿಗ್ಗಿದೆ ಗೊತ್ತಾ! ನೀರೆಲ್ಲ ಮೋರಿಗೆ ಹೋಯಿತು. ಬೋಲ್ಟು ಬಿಗಿದೆ. ಒಳಗಿನ ತೇವ ಆರಲಿ ಎಂದು ಬಾಗಿಲ ಬಿಸಿಲು ಬೀಳುವ ಕಡೆಗೆ ಟ್ಯಾಂಕು ಕೂತಿದ್ದ ಸ್ಟ್ಯಾಂಡನ್ನು ಸರಿಸಿದೆ. ಆ ಬಟ್ಟೆ ಬಹಳ ಕೊಳಕಾಗಿತ್ತು. ಅದನ್ನೂ ಒಗೆದು, ಒಣಗಿಸಿ, ಮತ್ತೆ ಅದೇ ಕೊಳವೆಗೆ ಕಟ್ಟಿದೆ. ಸ್ಕೂಲಿನಲ್ಲಿ ರಿಬ್ಬನ್ ಕಟ್ಟುತ್ತಿದ್ದೆನಲ್ಲ, ಹಾಗೆ ಚಿಟ್ಟೆಯ ಗಂಟು.

ಇವರು ಬಂದರು. ಚಿಟ್ಟೆಯ ಗಂಟು ನೋಡಿ, "ಏನ್ ಟೀಚರಮ್ಮ, ಟ್ಯಾಂಕಿಗೆ ಜಡೆ ಹಾಕಿದೀಯಾ?" ಎಂದು ನಕ್ಕರು. ನಾನು ಟೀ ಲೋಟ ಹಿಡಿದು ಮೂರು ಹೆಜ್ಜೆ ಆಚೆ ಬಾಗಿಲಲ್ಲಿ ನಿಂತಿದ್ದೆ. ನನ್ನ ಬೆನ್ನ ಹಿಂದೆ ಕಿಟಕಿ, ಕಿಟಕಿಯಲ್ಲಿ ಅತ್ತೆ. ಇವರು ಮುಖಕ್ಕೆ ಕವಚ ಇಳಿಸಿಕೊಂಡರು, ರಾಡನ್ನು ತಗಡಿಗೆ ತಾಗಿಸಿದರು.

ಕಿಡಿ ಬರಲಿಲ್ಲ.

ಕರೆಂಟು ಹೋಗಿತ್ತು. ಅಷ್ಟೇ ಅಪ್ಪಾ. ಯಾರೂ ಎಚ್ಚರಿಸಲಿಲ್ಲ, ಯಾರೂ ಕೈ ಹಿಡಿದು ತಡೆಯಲಿಲ್ಲ. ಎಲ್ಲೋ ಒಂದು ಫ್ಯೂಸು ಹೋಯಿತು, ಇಡೀ ಬೀದಿಗೆ ಕರೆಂಟು ಹೋಯಿತು. ಇವರು ಕವಚ ಎತ್ತಿ, "ಇವರ ಮನೆ ಕಾಯ್ವಾಗ" ಎಂದು ಕರೆಂಟಿನವರನ್ನು ಬೈಯುತ್ತಾ ಟ್ಯಾಂಕಿಗೆ ಸೊಂಟ ಒರಗಿಸಿದರು. ಟ್ಯಾಂಕು ಜಾರಿತು. ಅರವತ್ತು ಲೀಟರ್ ನೀರಿರುವ ಟ್ಯಾಂಕು ಹಾಗೆ ಜಾರುವುದಿಲ್ಲ.

ಇವರ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಡಣ್ ಎಂದಿತು. ಇಲ್ಲದ ಕರೆಂಟಿನ ಮೇನ್ ಸ್ವಿಚ್ಚನ್ನು ಹೋಗಿ ಆರಿಸಿದರು. ಆಮೇಲೆ ಎಷ್ಟು ಮೆಲ್ಲಗೆ ಹೇಳಿದರೆಂದರೆ ನನಗೆ ಬಾಯಿ ಆಡಿದ್ದು ಮಾತ್ರ ಕಂಡಿತು: "ಅಮ್ಮನ್ನ ಕರ್ಕೊಂಡು ಮುಂದಿನ ಬೀದಿಗೆ ಹೋಗು. ನಾನು ಕರೆಯೋ ತನಕ ಬರ್ಬೇಡ."

ಸಂಜೆ ಮೆಟ್ಟಿಲ ಮೇಲೆ ಕೂತು ಎಲ್ಲ ವಿವರಿಸಿದರು. ಆವಿ, ನೀರು, ಕೆಂಪು ಬಟ್ಟೆ. ಪಕ್ಕದೂರಿನ ಒಬ್ಬ ವೆಲ್ಡರ್ ಹೀಗೇ ಹೋದದ್ದು. ವಿವರಿಸಿ, ತಮ್ಮ ಎರಡು ಕೈಗಳನ್ನು ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತಾ, "ನೀರು ತುಂಬಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆದ್ರೆ ತುಂಬಿಸಿಲ್ಲ. ಬಟ್ಟೆ ಕಟ್ಟಿದೀನಿ, ನೀರು ಮರ್ತಿದೀನಿ" ಎಂದರು. ಬಟ್ಟೆ ಒಗೆದು ಕಟ್ಟಿದವಳು ಬೋಲ್ಟನ್ನೂ ಮುಟ್ಟಿರಬಹುದೆಂದು ಇವರಿಗೆ ಹೊಳೆಯಲೇ ಇಲ್ಲ.

ಆಗ ನಾನು ಹೇಳಬೇಕಿತ್ತು. ಬಾಯಿ ತೆರೆದೆ ಅಪ್ಪಾ, ನಿಜವಾಗಿಯೂ ತೆರೆದೆ. ಹುಟ್ಟಿದಾಗಿನಿಂದ ಸುಮ್ಮನಿರದ ಸೀಟಿ ಅವತ್ತು ಊದಲಿಲ್ಲ. ನಾಲ್ಕು ತಿಂಗಳಿಂದ ಇವರು ನನ್ನನ್ನು ನೋಡುವ ನೋಟ ಒಂದಿದೆ. ಅದು ಹೋಗಿಬಿಟ್ಟರೆ ಎಂದು ಹೆದರಿದೆ. ರಾತ್ರಿ ಊಟದ ಹೊತ್ತಿಗೆ ಹೇಳೋಣ ಎಂದುಕೊಂಡೆ. ಊಟದ ಹೊತ್ತಿಗೆ, ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಹೊತ್ತಿಗೆ ಅದು ಒಂದು ದಿನದ ಸುಳ್ಳಾಗಿತ್ತು. ಇವತ್ತಿಗೆ ಏಳು ದಿನದ್ದು.

ಇವರ ತಂದೆಗೆ ಮರೆವಿನ ಕಾಯಿಲೆ ಇತ್ತೆಂದು ಮದುವೆ ಮಾತಿನಲ್ಲೇ ಹೇಳಿದ್ದರು, ನೆನಪಿದೆಯಾ? ನೀನು, "ವಯಸ್ಸಾದ್ಮೇಲೆ ಎಲ್ರಿಗೂ ಬರುತ್ತೆ" ಎಂದಿದ್ದೆ. ವಯಸ್ಸಾದ ಮೇಲೆ ಅಲ್ಲ ಅಪ್ಪಾ, ನಲವತ್ತೈದಕ್ಕೇ ಶುರುವಾಗಿತ್ತು. ಮೊದಲು ಒಂದು ನಟ್ಟು ಬಿಗಿಯಲು ಮರೆತರು, ಆಮೇಲೆ ಒಂದು ಗಾಡಿಯ ಬ್ರೇಕು, ಕೊನೆಗೆ ಈ ಮಗನ ಹೆಸರು. ಇವರಿಗೆ ಮೂವತ್ತೊಂದು. ತಂದೆಗಿಂತ ಹದಿನಾಲ್ಕು ವರ್ಷ ಮುಂಚೆಯೇ ತಮಗೆ ಬಂತೆಂದು ಇವರು ಈಗ ದಿನ ಎಣಿಸುತ್ತಾರೆ. ಸೀಮೆಸುಣ್ಣದಲ್ಲಿ ಮುಂಗೈ ಮೇಲೆ ಬರೆದುಕೊಳ್ಳುತ್ತಾರೆ: ಬೀಗ, ಗ್ಯಾಸು, ನೀರು. ಬರೆದದ್ದನ್ನು ಬೆವರು ಅಳಿಸಿದರೆ, ಬರೆದಿದ್ದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಾರೆ. "ನೀನು ನೋಡಿದ್ಯಾ? ನಾನು ಬೀಗ ಹಾಕಿದ್ದು ನೀನು ನೋಡಿದ್ಯಾ?" ನನ್ನನ್ನೇ ಕೇಳುತ್ತಾರೆ ಅಪ್ಪಾ. ಈ ಮನೆಯಲ್ಲಿ ಇವರು ನಂಬುವ ಕಣ್ಣು ಈಗ ನನ್ನದೊಂದೇ.

ಮೊನ್ನೆ ಇವರು ಸ್ನಾನಕ್ಕೆ ಹೋಗಿ ಟವೆಲ್ಲಿಗಾಗಿ ಕೂಗಿದರು. ದಿನಾ ಕೂಗುವವರೇ, ಮದುವೆಗೆ ಮುಂಚೆಯೂ ಕೂಗುತ್ತಿದ್ದವರೇ. ಅತ್ತೆ ಈಳಿಗೆಮಣೆಯ ಮುಂದೆ ಕೂತಲ್ಲೇ ಅತ್ತರು. "ಅವರಿಗೂ ಹೀಗೇ ಶುರುವಾಗಿದ್ದು ಕಣಮ್ಮ" ಎಂದರು. ನಾನು ಅವರ ಬೆನ್ನು ಸವರಿದೆ. ಸವರಿದ್ದು ಯಾವ ಕೈ? ಬೋಲ್ಟು ಬಿಚ್ಚಿದ ಕೈ.

ಟ್ಯಾಂಕನ್ನು ಕಡೆಗೆ ವೆಲ್ಡ್ ಮಾಡಿದ್ದು ಇವರಲ್ಲ. ಬುಧವಾರ ಎದುರು ಬೀದಿಯಲ್ಲಿ ಕಿಟಕಿ ಗ್ರಿಲ್ಲು ಮಾಡುವ ಗ್ರಿಲ್ ಮಾಮನನ್ನು ಕರೆಸಿದರು. ನೀರು ತುಂಬಿಸಿದ್ದು ಇವರೇ. ತುಂಬಿಸಿ, ಬೆರಳು ಅದ್ದಿ ನೋಡಿ, ನನ್ನ ಬೆರಳನ್ನೂ ಅದ್ದಿಸಿದರು. ಗ್ರಿಲ್ ಮಾಮ, "ಏನಯ್ಯಾ, ಇಷ್ಟು ವರ್ಷ ಇಡೀ ಬೀದಿಗೆ ವೆಲ್ಡಿಂಗ್ ಹೇಳ್ಕೊಟ್ಟೋನು ಈಗ ಮದುಮಗನ ಹಾಗೆ ನಾಚ್ಕೊಂಡು ದೂರ ನಿಂತಿದೀಯ? ಹೆಂಡ್ತಿ ಬೇಡ ಅಂದ್ಲಾ?" ಎಂದು ಕಿಚಾಯಿಸಿದರು. ಇವರು ನಕ್ಕರು. ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ. ಮಾಮನ ರಾಡಿನಿಂದ ಮೊದಲ ಕಿಡಿ ಹಾರಿದಾಗ ನಾನು ಇವರ ಅಂಗಿಯ ತೋಳು ಹಿಡಿದೆ. ನನಗೆ ಧೈರ್ಯ ಬರಲಿ ಎಂದು ಇವರು ನನ್ನ ತಲೆ ತಟ್ಟಿದರು. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ವಾಸಿಯಿತ್ತು.

ಆಮೇಲಿನದೆಲ್ಲ ಸಲೀಸಾಗಿ ಆಯಿತು. ಎರಡು ಹೊಸ ಪಟ್ಟಿ, ಪಟ್ಟಿಗೂ ಟ್ಯಾಂಕಿಗೂ ನಡುವೆ ರಬ್ಬರು, ಉದ್ದ ಮಾಡಿದ ಡೀಸೆಲ್ ಪೈಪು, ಮಣ್ಣು ಹಾರದಂತೆ ಮೇಲಕ್ಕೆ ಸುತ್ತಿದ ಗಾಳಿ ಕೊಳವೆ. ಒಂದೊಂದು ನಟ್ಟನ್ನೂ ಇವರು ಬಿಗಿದರು, "ನೋಡಿದೆ" ಎಂದು ನಾನು ಜೋರಾಗಿ ಹೇಳಿದೆ, ಆಮೇಲೆ ಇವರು ಸೀಮೆಸುಣ್ಣದ ಗೆರೆ ಎಳೆದರು. ಅಷ್ಟು ಚಂದದ ಕೆಲಸ ಅಪ್ಪಾ! ಇಂಥ ಕೈಗಳು ಟೈರಿಗೆ ಗಾಳಿ ಹೊಡೆಯಲು ಹೋಗುತ್ತವಂತೆ. ಯಾಕೆಂದರೆ ಟೈರು ಸಿಡಿದರೆ ಮನೆ ಸುಡುವುದಿಲ್ಲ. ಬರುವ ವಾರ ತಲೆಯ ಡಾಕ್ಟರ ಹತ್ತಿರ ಚೀಟಿಯನ್ನೂ ಬರೆಸಿದ್ದಾರೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಡೆದದ್ದು ನಿನಗೆ ನೆನಪಿದೆಯೇ? ಗೇಟಿಗೆ ಬೀಗ ಹಾಕುವ ಮೊದಲೇ ಹಾಕಿದೆ ಎಂದು ನೀನು ಸ್ಟೇಷನ್ನಿಗೆ ಹೇಳಿಬಿಟ್ಟಿದ್ದೆ. ಖಾಲಿ ಎಂಜಿನ್ ಒಂದು ಹೋಯಿತು, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಸ್ಟೇಷನ್ನಿನ ಸಿಗ್ನಲ್ ಡಬ್ಬಿಯಲ್ಲಿ ಮಾತ್ರ ಗೇಟು ತೆರೆದಿದೆ ಎಂದು ಎರಡು ನಿಮಿಷ ದೀಪ ಉರಿದಿತ್ತು. ಡಬ್ಬಿ ಕೆಟ್ಟಿದೆ ಎಂದು ಮಾರನೇ ದಿನ ಬಿಚ್ಚಲು ಬಂದರು. ನೀನು ಹೋಗಿ ತಪ್ಪು ನನ್ನದೇ ಎಂದು ನಿನ್ನ ಕೈಯಾರೆ ಡ್ಯೂಟಿ ಪುಸ್ತಕದಲ್ಲಿ ಬರೆದೆ. ಬಡ್ತಿ ಹೋಯಿತು. ಅಮ್ಮ ಎರಡು ದಿನ ಮಾತು ಬಿಟ್ಟಳು, ಯಾರೂ ನೋಡಿರಲಿಲ್ಲವಲ್ಲ ಎಂದು. ನೀನು ಬೂಟಿನ ಲೇಸು ಬಿಚ್ಚುತ್ತಾ, "ಕೆಡದೇ ಇರೋ ಡಬ್ಬಿನ ಬಿಚ್ತಾ ಇದ್ರು ಕಣೇ. ನಾನು ಸುಮ್ನಿದ್ದಿದ್ರೆ ಬಿಚ್ಚಿಬಿಚ್ಚಿ ನಿಜವಾಗ್ಲೂ ಕೆಡಿಸ್ತಿದ್ರು" ಎಂದಿದ್ದೆ.

ಏಳು ದಿನದಿಂದ ಇವರು ತಮ್ಮನ್ನು ತಾವೇ ಬಿಚ್ಚುತ್ತಿದ್ದಾರೆ ಅಪ್ಪಾ. ಕೆಡದೇ ಇರುವುದನ್ನು. ನಾನು ಪಕ್ಕದಲ್ಲಿ ನಿಂತು ನಟ್ಟು ಹಿಡಿದುಕೊಳ್ಳುತ್ತಿದ್ದೇನೆ.

ಮುಖ ನೋಡಿ ಹೇಳಲು ನಾಲ್ಕು ಸಲ ಹೋದೆ. ನಾಲ್ಕು ಸಲವೂ ಟೀ ಬೇಕಾ ಎಂದು ಕೇಳಿ ಬಂದೆ. ಇವರಿಗೆ ಈಗ ಟೀ ವಾಕರಿಕೆ ಬರುವಷ್ಟಾಗಿದೆ. ಅದಕ್ಕೇ ಬರೆಯಲು ಕೂತೆ. ಬರೆದರೆ ನಾನು ಟೀ ಮಾಡಲು ಓಡಿದರೂ ಅಕ್ಷರ ಓಡಿಹೋಗುವುದಿಲ್ಲ. ಮೊದಲ ಎರಡು ಪುಟದಲ್ಲಿ ಅಷ್ಟು ಕುಣಿದೆನಲ್ಲ, ಅದು ಸುಳ್ಳಲ್ಲ. ಗಾಡಿ ಓಡಿದ್ದು ನಿಜ, ನನ್ನ ಸಂತೋಷ ನಿಜ, ಇವರು ಒಳ್ಳೆಯವರೆಂಬುದಂತೂ ನಿಜವೇ ನಿಜ. ಅದಕ್ಕೇ ಇಷ್ಟು ಭಯ.

ಅಮ್ಮನಿಗೆ ಸದ್ಯಕ್ಕೆ ಗಾಡಿ ಓಡಿತೆಂದು ಮಾತ್ರ ಹೇಳು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ,
ಸೀಟಿ

ಮರೆತ ಮಾತು: ಮರೆತದ್ದಲ್ಲ, ಕೊನೆಯವರೆಗೂ ತಳ್ಳಿಕೊಂಡು ಬಂದದ್ದು. ಇವರು ಜೇನಮ್ಮನ ಜೊತೆ ಹೊಸ ಜಾಗದ ಟ್ಯಾಂಕಿಗೆ ಮೊದಲ ಸಲ ತುಂಬ ಡೀಸೆಲ್ ಹಾಕಿಸಲು ಬಂಕಿಗೆ ಹೋಗಿದ್ದಾರೆ. ನಾಲ್ಕು ಗಂಟೆಗೆ ಬರುತ್ತಾರೆ. ಈ ಪತ್ರವನ್ನು ನಾನು ಅಂಟಿಸುವುದಿಲ್ಲ. ಶೆಡ್ಡಿನ ಮೇಜಿನ ಮೇಲೆ ಬಿಡಿಸಿಟ್ಟು, ಅದರ ಮೇಲೆ ಹದಿನೇಳನೇ ನಂಬರಿನ ಸ್ಪ್ಯಾನರನ್ನೂ ಆ ಕೆಂಪು ಬಟ್ಟೆಯನ್ನೂ ಇಡುತ್ತೇನೆ. ಪಕ್ಕದಲ್ಲಿ ನಿನ್ನ ವಿಳಾಸ ಬರೆದು ಸ್ಟ್ಯಾಂಪು ಹಚ್ಚಿದ ಕವರು. ಆಮೇಲೆ ಒಳಗೆ ಹೋಗಿ ಅತ್ತೆಯ ಪಕ್ಕ ಕೂರುತ್ತೇನೆ. ಇದು ನಿನ್ನ ಕೈಗೆ ಬಂದಿದೆ ಎಂದರೆ, ಅಪ್ಪಾ, ಓದಿ, ಮಡಚಿ, ಅಂಚೆ ಡಬ್ಬಿಗೆ ಹಾಕಿದವರು ಇವರೇ. ಕವರಿನ ಮೇಲೆ ಗ್ರೀಸಿನ ಬೆರಳಚ್ಚು ಇದೆಯೇ ನೋಡು. ಹಾಕಿದ ಮೇಲೆ ನನ್ನ ಕಡೆ ತಿರುಗಿ ಏನು ಹೇಳಿದರು ಎಂಬುದು ಬರೆಯುವ ಈ ಹೊತ್ತಿಗೆ ನನಗೆ ಗೊತ್ತಿಲ್ಲ. ಊರಿಗೆ ಬರಲು ಟಿಕೆಟ್ಟುಗಳನ್ನು ಮಾತ್ರ ಹೋದ ತಿಂಗಳೇ ಎರಡು ತೆಗೆಸಿದ್ದೆವು. ನಾನಂತೂ ಬಂದೇ ಬರುತ್ತೇನೆ. ನಿನ್ನ ಗೇಟು ದಾಟುವಾಗ ಎಂಜಿನ್ನಿನಿಂದ ನಾಲ್ಕನೇ ಬೋಗಿಯ ಬಾಗಿಲಲ್ಲಿ ನಿಂತಿರುತ್ತೇನೆ. ಬಾವುಟ ತೋರಿಸುತ್ತಲೇ ಒಮ್ಮೆ ಕಣ್ಣು ಹಾಯಿಸು, ಬಾಗಿಲಲ್ಲಿ ಒಬ್ಬರಿದ್ದೇವೋ ಇಬ್ಬರಿದ್ದೇವೋ ಎಂದು. ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆಯ ಎಕ್ಸ್‌ಪ್ರೆಸ್ಸು.